ಎಡಗಾಲಿನ ಅಳತೆಗೆ

ನನ್ನ ಚಿಕ್ಕಪ್ಪನ ಮಗಳು ನಾಗಶ್ರೀ ಏಳು ವರ್ಷದವಳಿದ್ದಾಗ ಕಬ್ಬು ತುಂಬಿದ ಟ್ರೈಲರಿನ ಮೇಲಿಂದ ಬಿದ್ದಳು. ನಮ್ಮೂರು ಮಾಂಬಳ್ಳಿ. ಅಗರದ ಕಡೆಯ ಗದ್ದೆಯಿಂದ ಟ್ರ್ಯಾಕ್ಟರ್ ಬರುತ್ತಿತ್ತು. ಹೇರಿನ ಮೇಲೆ ಕುಳಿತು ಜಲ್ಲೆ ಸಿಗಿಯುತ್ತಿದ್ದವಳು, ಚಕ್ರವೊಂದು ಹಳ್ಳಕ್ಕೆ ಇಳಿದಾಗ ಕಬ್ಬಿನ ಕಂತೆಯ ಜೊತೆಗೇ ಜಾರಿ ಬಂದಳು. ಎಡಗಾಲು ಹರಡಿನ ಹತ್ತಿರ ಮುರಿಯಿತು. ಕೊಳ್ಳೇಗಾಲದಲ್ಲಿ ಪ್ಲಾಸ್ಟರ್ ಹಾಕಿದರು. ಮೂಳೆ ಕೂಡಿತು, ನಡಿಗೆಯೂ ಬಂತು. ಆದರೆ ಪಾದ ಮೊದಲಿನ ಹಾಗೆ ಹೊರಕ್ಕೆ ತಿರುಗಲಿಲ್ಲ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕುಳಿತರೆ ಆ ಒಂದು ಕಾಲು ಮಾತ್ರ ನೆಟ್ಟಗೆ ಚಾಚಿಕೊಂಡಿರುತ್ತಿತ್ತು.

ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಆಡಿಸಲಿ, ಸಡಿಲವಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಚಿಕ್ಕಪ್ಪ ಗುರುಪ್ರಕಾಶ್ ಹಿತ್ತಿಲಿನ ಸಿಮೆಂಟು ತೊಟ್ಟಿ ತುಂಬಿಸಿದರು. ನಮ್ಮಜ್ಜಿ ಶಂಕರಮ್ಮ ಅದನ್ನು ಒಂದು ವಾರ ನೋಡಿದಳು.

"ತೊಟ್ಟಿಲಿ ಕಾಲು ಆಡ್ಸುದ್ರೆ ಏನು ಬತ್ತದ? ಕೂಸ್ನ ಬಾವಿಗೆ ಕರ್ಕಂಡೋಯ್ತೀನಿ," ಅಂದಳು.

ತಾತ ಸದಾಶಿವಪ್ಪ ಜಗಲಿಯ ಮೇಲಿದ್ದರು. "ಬಾವಿಲಿ ಇಳ್ಸೋರು ಯಾರು?"

"ನಾನೇ."

"ನಿಂಗೆ ಈಜು ಬತ್ತದಾ?"

"ಬತ್ತದ."

"ಇಷ್ಟು ವರ್ಸ ಯೋಳ್ನೇ ಇಲ್ವಲ್ಲ."

"ನೀವು ಕೇಳ್ನೇ ಇಲ್ವಲ್ಲ."

ಅಜ್ಜಿಯ ತವರು ಮುಳ್ಳೂರು, ಕಾವೇರಿ ದಂಡೆ. ಹುಡುಗಿಯಾಗಿದ್ದಾಗ ಹೊಳೆಯಲ್ಲೇ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಬಾವಿಯಿಂದ ನೀರು ಸೇದಿದ್ದಳೇ ಹೊರತು ಅದರೊಳಗೆ ಇಳಿದಿರಲಿಲ್ಲ. ಅಂದು ಮಧ್ಯಾಹ್ನ ಸೀರೆಯನ್ನು ಕಚ್ಚೆ ಕಟ್ಟಿಕೊಂಡು, ತೆಂಗಿನ ತೋಟದ ನಡುವಿನ ಬಾವಿಯ ಮೆಟ್ಟಿಲು ಇಳಿದು, ಸದ್ದೇ ಇಲ್ಲದೆ ನೀರಿಗೆ ಸೇರಿದಳು. ನಾನು ಟವೆಲು ಹಿಡಿದು ಮೇಲೆ ನಿಂತಿದ್ದೆ. ನನಗಾಗ ಹದಿಮೂರು. ಬಿಳಿ ತಲೆ ನೀರಿನ ಮೇಲೆ ನೇರವಾಗಿ ಸಾಗಿತು. ಕೈಗಳು ಎದುರಿನ ನೀರನ್ನು ಎರಡು ಕಡೆಗೂ ಸರಿಸುತ್ತಿದ್ದವು. ತಳದಲ್ಲಿ ಕಾಲುಗಳು ಮಡಚಿ ಬಿಚ್ಚುತ್ತಿದ್ದುದು ಹಸಿರು ನೀರಿನಲ್ಲಿ ಮಸಕಾಗಿ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಮೊಣಕಾಲು ಹಿಡಿದುಕೊಂಡು ಏಳುವ ಹೆಂಗಸು ಇವಳೇನಾ ಎಂದು ನನಗೆ ನಂಬಿಕೆ ಬರಲಿಲ್ಲ. ತಾತ ಹಿಂದೆಯೇ ಬಂದಿದ್ದರು. ಅವಳು ಮೇಲೆ ಬರುವ ತನಕ ಬಾವಿಕಟ್ಟೆಯ ಮೇಲೆ ಕುಳಿತೇ ಇದ್ದರು.

ಮರುದಿನದಿಂದ ನಾಗಶ್ರೀಯ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಇಳಿಸಿದಳು.

"ಕೈ ಮುಂದಕ್ಕೆ ಚಾಚಿ ನೀರ ಬಗೀಬೇಕು. ಕಾಲ ಕಪ್ಪೆ ತರ ಮಡ್ಚಿ ಒದೀಬೇಕು. ಒದ್ದಾದ್ ಮೇಲೆ ಸುಮ್ಕಿರು. ನೀರೇ ಒಂದಷ್ಟು ದೂರ ಕರ್ಕಂಡೋಯ್ತದ."

ಬುರುಡೆ ಬಿಚ್ಚಿದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವಳು ಬಾವಿಯ ಒಂದು ಕಡೆ ಮುಳುಗಿ ಇನ್ನೊಂದು ಕಡೆ ಏಳುತ್ತಿದ್ದಳು. ನೀರೊಳಗೆ ಅವಳಿಗೆ ಎಡಗಾಲಿನ ನೆನಪೇ ಇರುತ್ತಿರಲಿಲ್ಲ.

ಯಳಂದೂರಿನ ಶಾಲೆಯ ವ್ಯಾಯಾಮ ಮೇಷ್ಟ್ರು ಪ್ರಭುಸ್ವಾಮಿ ಯಾರಿಂದಲೋ ಕೇಳಿ ಬಾವಿಗೇ ಬಂದು ನೋಡಿದರು. ಶಾಲಾ ಮಕ್ಕಳ ಈಜು ಸ್ಪರ್ಧೆಗೆಂದು ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದರು. ಆಗ ಅವಳಿಗೆ ಹನ್ನೆರಡು. ನಾನು ಅಲ್ಲೇ ಡಿಗ್ರಿ ಓದುತ್ತಿದ್ದೆನಾದ್ದರಿಂದ ಈಜುಕೊಳಕ್ಕೆ ಬಂದಿದ್ದೆ. ಉಳಿದ ಮಕ್ಕಳು ಟೋಪಿ ಕನ್ನಡಕ ಹಾಕಿಕೊಂಡು ಕೈಕಾಲು ಆಡಿಸುತ್ತಿದ್ದರೆ ಇವಳು ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದಳು.

"ಅಕ್ಕ, ನೆಲ ಕಾಣ್ತದಲ್ಲ," ಅಂದಳು.

"ಕಂಡ್ರೇನು?"

"ಭಯ ಆಯ್ತದ."

ತಳವಿರುವ ನೀರನ್ನು ಅವಳು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಸೀಟಿ ಊದಿದ ಮೇಲೆ ಕಣ್ಣು ಮುಚ್ಚಿಕೊಂಡೇ ಹಾರಿದಳು. ತಲೆ ಎತ್ತಿಕೊಂಡು, ಅಜ್ಜಿಯ ಹಾಗೆಯೇ ಈಜಿದಳು. ಆ ತುದಿಯ ಗೋಡೆ ಸಿಕ್ಕಾಗ ನಿಂತು ಹಿಂತಿರುಗಿ ನೋಡಿ, ಎಲ್ಲರೂ ವಾಪಸ್ಸು ಹೋಗುತ್ತಿರುವುದು ಕಂಡು ತಾನೂ ಹೊರಟಳು. ಅಷ್ಟಾಗಿಯೂ ಮೂರನೆಯವಳಾಗಿ ಬಂದಳು.

ಅಲ್ಲಿನ ತರಬೇತುದಾರ ಕುಮಾರಸ್ವಾಮಿ ಅವಳ ಹತ್ತಿರ ಬಂದು, "ಯಾರು ಕಲಿಸಿದ್ದು?" ಎಂದು ಕೇಳಿದರು.

"ನಮ್ಮಜ್ಜಿ ಸಾ."

ಅವರು ನಗಲಿಲ್ಲ. "ಒದ್ದ ಮೇಲೆ ಸುಮ್ಮನಿರೋದನ್ನ ನಮ್ಮ ಹುಡುಗರಿಗೆ ನಾನು ಐದು ವರ್ಷದಿಂದ ಹೇಳ್ತಾ ಇದ್ದೀನಿ," ಅಂದರು. ಸಂಜೆಯೇ ನಮ್ಮ ಜೊತೆ ಬಸ್ಸು ಹತ್ತಿ, ಕೊಳ್ಳೇಗಾಲದಲ್ಲಿ ಇಳಿದು, ಆಟೋ ಹಿಡಿದು ಮಾಂಬಳ್ಳಿಗೆ ಬಂದು ಚಿಕ್ಕಪ್ಪನ ಜೊತೆ ಮಾತಾಡಿದರು. ಊಟ ಮಾಡಿಕೊಂಡೇ ಹೋದರು. ಆ ಜೂನಿನಿಂದ ನಾಗಶ್ರೀ ಮೈಸೂರಿನಲ್ಲಿ ನನ್ನ ಜೊತೆಗೇ ಒಂದು ಕೋಣೆಯಲ್ಲಿ ಉಳಿದಳು.

ಆ ವರ್ಷಗಳಲ್ಲಿ ನಾನು ಎದ್ದಾಗ ಅವಳ ಹಾಸಿಗೆ ಖಾಲಿಯಿರುತ್ತಿತ್ತು. ಸಂಜೆ ಬಂದರೆ ಕೂದಲಿನಿಂದ ಕ್ಲೋರಿನ್ ವಾಸನೆ. ಕಪ್ಪೆ ಈಜಿಗೆ ಬ್ರೆಸ್ಟ್‌ಸ್ಟ್ರೋಕ್ ಎಂಬ ಹೆಸರಿದೆಯೆಂದು ನಾನು ತಿಳಿದದ್ದು ಆಗಲೇ. ನಾಲ್ಕು ಬಗೆಯ ಈಜುಗಳಲ್ಲಿ ಅದೇ ನಿಧಾನದ್ದು, ಆದರೆ ಅದಕ್ಕಿರುವ ಕಟ್ಟುಪಾಡು ಬೇರೆಯದಕ್ಕಿಲ್ಲ. ಎರಡು ಕೈ ಒಟ್ಟಿಗೇ ಚಲಿಸಬೇಕು, ಎರಡು ಕಾಲು ಒಂದೇ ಸಮನಾಗಿ ಮಡಚಿ ಒದೆಯಬೇಕು, ಒದೆಯುವಾಗ ಎರಡು ಪಾದವೂ ಹೊರಮುಖವಾಗಿರಬೇಕು. ಒಂದು ತಪ್ಪಿದರೂ ಎಷ್ಟು ಬೇಗ ಮುಟ್ಟಿದರೂ ಲೆಕ್ಕಕ್ಕಿಲ್ಲ. ಕೊಳದ ಪಕ್ಕದಲ್ಲಿ ಬಿಳಿ ಬಟ್ಟೆಯ ತೀರ್ಪುಗಾರರು ಇದನ್ನೇ ನೋಡುತ್ತಾ ನಡೆಯುತ್ತಾರೆ.

ರಾಜ್ಯದ ಚಿನ್ನ ಬಂತು. ಹದಿನೇಳರಲ್ಲಿ ರಾಷ್ಟ್ರಮಟ್ಟದ್ದೂ ಬಂತು. ಮನೆಗೆ ತಂದು ತಾತನ ಕೈಗಿಟ್ಟಾಗ ಅವರು ಪದಕವನ್ನು ತಿರುಗಿಸಿ ನೋಡಿ ಕೇಳಿದರು. "ಕಪ್ಪೆ ಈಜ್ಗೂ ಕೊಟ್ಟಾರಾ ಇದ?"

"ಕೊಡ್ತಾರೆ ತಾತ."

"ಅಂಗಾದ್ರೆ ನಿಮ್ಮಜ್ಜಿಗೂ ಒಂದು ಬರ್ಬೇಕಾಗಿತ್ತು."

ನಡುವೆ ಎರಡು ಮೂರು ಸಲ ತೀರ್ಪುಗಾರರು ಅವಳ ಎಡಪಾದದ ಬಗ್ಗೆ ಎಚ್ಚರಿಕೆ ಹೇಳಿದ್ದುಂಟು. ದಣಿದಾಗ ಅದು ಒಳಕ್ಕೆ ತಿರುಗುತ್ತದೆ, ಗಮನವಿಡು ಅಂದಿದ್ದರು. ಅವಳು ಗಮನವಿಟ್ಟಿದ್ದಳು, ಕುಮಾರಸ್ವಾಮಿಯವರೂ ಇಟ್ಟಿದ್ದರು.

ಎರಡು ಸಾವಿರದ ಹತ್ತೊಂಬತ್ತರ ಕೊನೆಯಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದೇಶದ ತಂಡಕ್ಕೆ ಆಯ್ಕೆಯಾಗಿ ಬ್ಯಾಂಕಾಕಿಗೆ ಹೋದಳು. ಮೊದಲ ಸುತ್ತಿನಲ್ಲೇ, ಅವಳಿಗಿಂತ ಹೆಸರಾದ ಹುಡುಗಿಯರ ನಡುವೆ ಎರಡನೆಯವಳಾಗಿ ಗೋಡೆ ಮುಟ್ಟಿದಳು. ಬೋರ್ಡಿನಲ್ಲಿ ಹೆಸರು ಬಂತು. ಟವೆಲು ಸುತ್ತಿಕೊಳ್ಳುತ್ತಿರುವಾಗ ಹೆಸರಿನ ಮುಂದಿದ್ದ ಅಂಕಿ ಹೋಗಿ ಇಂಗ್ಲಿಷಿನ ಮೂರು ಅಕ್ಷರ ಬಂದವು. ಅನರ್ಹ. ಕೊಳದ ಕೊನೆಯ ಉದ್ದ ಈಜುವಾಗ ಎಡಪಾದ ಒಳಕ್ಕೆ ತಿರುಗಿತ್ತು.

ರಾತ್ರಿ ನನಗೆ ಫೋನು ಮಾಡಿದಳು. ಅಳುತ್ತಿರಲಿಲ್ಲ. "ಅಕ್ಕ, ಆ ಜಡ್ಜು ತಪ್ಪು ಮಾಡ್ಲಿಲ್ಲ. ವಿಡಿಯೋ ನೋಡ್ದೆ. ಕಾಲು ಒಳಕ್ಕೆ ತಿರುಗ್ಯದ," ಅಂದಳು.

ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದರು. ಮೂಳೆ ಕೂಡಿರುವ ರೀತಿಯೇ ಹಾಗಿದೆ, ಪಾದ ಅದಕ್ಕಿಂತ ಹೆಚ್ಚು ಹೊರಳುವುದಿಲ್ಲ, ಆಪರೇಷನ್ ಮಾಡಿದರೆ ಇರುವ ಬಲವೂ ಹೋಗಬಹುದು ಎಂದರು. ಫ್ರೀಸ್ಟೈಲ್‌ಗೆ ಬದಲಾಯಿಸು ಎಂದವರು ಹಲವರು. ಕುಮಾರಸ್ವಾಮಿಯವರಿಗೂ ಬೇರೆ ದಾರಿ ಕಾಣಲಿಲ್ಲ. ಅವಳು ಮಾಂಬಳ್ಳಿಗೆ ಬಂದುಬಿಟ್ಟಳು.

ಬಂದ ಒಂದಷ್ಟು ದಿನ ನೀರಿನ ಕಡೆ ಸುಳಿಯಲಿಲ್ಲ. ಭತ್ತದ ಒಕ್ಕಣೆಗೆ ನಿಂತಳು, ದನಕ್ಕೆ ಹುಲ್ಲು ಹಾಕಿದಳು. ಬಿ.ಎಡ್ ಮುಗಿಸಿ ನಾನೂ ಊರಲ್ಲಿದ್ದೆ. ಒಂದು ಬೆಳಿಗ್ಗೆ ಅಜ್ಜಿಯ ಹಳೆಯ ಸೀರೆಯ ಅಂಚನ್ನು ಹರಿದು ಕೈಯಲ್ಲಿ ಹಿಡಿದುಕೊಂಡು ಬಂದಳು.

"ಬಾವಿ ತಾವ ಬಾ ಅಕ್ಕ. ಮಂಡಿ ಎರಡನ್ನೂ ಸೇರ್ಸಿ ಇದ ಕಟ್ಟು. ತೀರ ಬಿಗೀಬೇಡ, ಇಷ್ಟೇ ಅಗಲ ಬುಡು."

"ಯಾಕೆ?"

"ದೊಡ್ಡದಾಗಿ ಒದ್ರೆ ಎಡಪಾದ ಅರ್ಧ ದಾರಿಲಿ ಕೈ ಕೊಡ್ತದ. ಚಿಕ್ಕದಾಗಿ ಒದ್ರೆ ಕೊನೆಗಂಟ ನಿಲ್ತದ. ಎಡಗಾಲ ದೊಡ್ಡದು ಮಾಡಕ್ಕಾಗಲ್ಲ. ಬಲಗಾಲ ಚಿಕ್ಕದು ಮಾಡ್ತೀನಿ."

ನಾನು ಕಟ್ಟಿದೆ. ಅವಳು ನೀರಿಗಿಳಿದಳು. ಆವತ್ತು ಅವಳನ್ನು ನೋಡಿದರೆ ಈಜು ಹೊಸದಾಗಿ ಕಲಿಯುವವಳ ಹಾಗಿತ್ತು. ಒಂದೊಂದು ಒದೆತಕ್ಕೂ ಮೊಳದಷ್ಟು ಮುಂದೆ ಹೋಗುತ್ತಿದ್ದಳು. ಹದಿಮೂರು ವರ್ಷ ಕೂಡಿಟ್ಟ ಬಲಗಾಲಿನ ಶಕ್ತಿಯನ್ನು ತಾನೇ ಕಳೆದುಕೊಳ್ಳಲು ಕುಳಿತವಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಕುಮಾರಸ್ವಾಮಿಯವರಿಗೆ ಫೋನಿನಲ್ಲಿ ಹೇಳಿದಾಗ ಅವರು, "ಇರೋ ವೇಗಾನೂ ಕಳ್ಕೋತೀಯಮ್ಮ," ಅಂದರು.

"ಕಳ್ಕಂಡು ನೋಡ್ತೀನಿ ಸಾ. ಆಮೇಲೆ ಉಳ್ದದ್ದ ಹುಡುಕ್ತೀನಿ."

ಅಷ್ಟರಲ್ಲಿ ಕೊರೋನಾ ಬಂತು. ದೇಶದ ಈಜುಕೊಳಗಳೆಲ್ಲ ಮುಚ್ಚಿದವು. ಅವಳ ಜೊತೆಯ ಹುಡುಗಿಯರು ತಿಂಗಳುಗಟ್ಟಲೆ ಮನೆಯೊಳಗೆ ರಬ್ಬರು ಪಟ್ಟಿ ಎಳೆಯುತ್ತಾ ಕುಳಿತರು. ನಾಗಶ್ರೀಗೆ ಬಾವಿಯಿತ್ತು. ಆದರೆ ದುಂಡು ಬಾವಿಯಲ್ಲಿ ಹತ್ತು ಸಲ ಕೈ ಬೀಸುವುದರೊಳಗೆ ಗೋಡೆ ಎದುರಾಗುತ್ತದೆ. ಅಜ್ಜಿ, "ಮುಳ್ಳೂರ್ಗೆ ಓಗಿ. ನಾಗಯ್ಯ ಅವ್ನೆ," ಅಂದಳು.

ನಾಗಯ್ಯ ಅಜ್ಜಿಯ ತವರಿನ ನೆರೆಯವರು, ಮೀನು ಹಿಡಿಯುವವರು. ನಾವಿಬ್ಬರೂ ಅಜ್ಜಿಯ ತಮ್ಮನ ಮನೆಯಲ್ಲಿ ಉಳಿದೆವು. ಬೇಸಿಗೆಯ ಹೊಳೆ ಸಣ್ಣಗಿತ್ತು. ಆದರೆ ಊರಿನ ಮೇಲ್ಗಡೆ ಒಂದು ಕಡೆ ಆಳವಾಗಿ, ಮೆಲ್ಲಗೆ ಹರಿಯುತ್ತಿತ್ತು. ನಾಗಯ್ಯ ತೆಪ್ಪವನ್ನು ನೀರಿಗೆ ಹಾಕಿ ಹೇಳಿದರು.

"ಮೊಸಳೆ ಮ್ಯಾಲೆ ಕಣ್ಣು ನಾನು ಮಡಗ್ತೀನಿ. ನಿನ್ನ ಕಾಲ ಮ್ಯಾಲೆ ನೀನು ಮಡಕ್ಕ."

"ಮೊಸಳೆ ಐತಾ ಮಾವ?" ನಾನು ಕೇಳಿದೆ.

"ಅವೆ. ಅವ್ಕೂ ನಮ್ಮಂಗೆಯ, ಬಿಸ್ಲಿಗೆ ಮರಳ ಮ್ಯಾಲೆ ಮನಿಕತವೆ. ತೆಪ್ಪ ಬಡುದ್ರೆ ಬರಾಕಿಲ್ಲ." ಹುಟ್ಟುಗೋಲಿನಿಂದ ತೆಪ್ಪದ ಅಂಚನ್ನು ಬಡಿಯುತ್ತಾ ಅವರು ದಿನವೂ ಅವಳ ಪಕ್ಕದಲ್ಲೇ ಸಾಗಿದರು.

ಅವಳು ಹರಿವಿಗೆ ಎದುರಾಗಿ ಈಜುತ್ತಿದ್ದಳು. ದಡದ ಹೊಂಗೆಮರವೊಂದನ್ನು ಗುರುತಿಟ್ಟುಕೊಂಡಿದ್ದಳು. ಒದ್ದು ಸುಮ್ಮನೆ ತೇಲುವ ಆ ಗಳಿಗೆ ಒಂದಿಷ್ಟು ಹೆಚ್ಚಾದರೆ ಹೊಳೆ ಅವಳನ್ನು ಹಿಂದಕ್ಕೆ ತಳ್ಳುತ್ತಿತ್ತು, ಕಡಿಮೆಯಾದರೆ ಬೇಗ ಸೋಲುತ್ತಿದ್ದಳು. ಮೊದಲ ವಾರಗಳಲ್ಲಿ ಹೊಂಗೆಮರದ ನೇರಕ್ಕೆ ನಿಲ್ಲಲೂ ಆಗುತ್ತಿರಲಿಲ್ಲ. ತೆಪ್ಪ ಹಿಡಿದುಕೊಂಡು ವಾಂತಿ ಮಾಡಿಕೊಂಡದ್ದುಂಟು. ನಾಗಯ್ಯ ಸುಮ್ಮನೆ ಬೇರೆ ಕಡೆ ನೋಡುತ್ತಿದ್ದರು. ಏನನ್ನು ಕಳೆದರೆ ನೀರು ತನ್ನನ್ನು ತಡೆಯುವುದಿಲ್ಲ ಎಂಬುದನ್ನು ಅವಳು ಹುಡುಕುತ್ತಿದ್ದಳು. ಗಲ್ಲವನ್ನು ಒಂದಿಷ್ಟು ತಗ್ಗಿಸಿ ನೋಡುವಳು, ಮೊಣಕೈಯನ್ನು ಒಳಕ್ಕೆ ತಂದು ನೋಡುವಳು, ಬೆರಳನ್ನು ಬಿಡಿಸಿ ನೋಡುವಳು. ಮಂಡಿಗೆ ಕಟ್ಟಿದ ಅಂಚು ಸವೆದರೆ ಇನ್ನೊಂದು ಹರಿದುಕೊಳ್ಳುವಳು.

ಮೇ ತಿಂಗಳ ಒಂದು ಸಂಜೆ ನಾನು ದಡದಲ್ಲಿ ಬಟ್ಟೆ ಒಗೆಯುತ್ತಿದ್ದೆ. ತೆಪ್ಪ ಬಡಿಯುವ ಸದ್ದು ನಿಂತಿತ್ತು. ಗಾಬರಿಯಾಗಿ ತಲೆಯೆತ್ತಿದರೆ ನಾಗಯ್ಯ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ನಾಗಶ್ರೀ ಹೊಂಗೆಮರವನ್ನು ದಾಟಿ ಹೋಗುತ್ತಿದ್ದಳು. ನೀರು ಚಿಮ್ಮುತ್ತಿರಲಿಲ್ಲ, ಸದ್ದಿರಲಿಲ್ಲ. ತಲೆ ಏಳುತ್ತಿತ್ತು, ಇಳಿಯುತ್ತಿತ್ತು, ಹೊಳೆಯೇ ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ ಹಾಗೆ ಮೇಲಕ್ಕೆ ಹೋಗುತ್ತಲೇ ಇದ್ದಳು. ನನ್ನ ಕೈಯಲ್ಲಿದ್ದ ಬಟ್ಟೆ ಜಾರಿ ಹೋದದ್ದು ನನಗೆ ತಿಳಿಯಲಿಲ್ಲ.

"ನಾನು ಹುಟ್ಟು ಹಾಕುದ್ರೂವೆ ಜತೇಲಿ ಬರಕ್ಕಾಗ್ನಿಲ್ಲ," ಎಂದು ನಾಗಯ್ಯ ಆಮೇಲೆ ಹೇಳಿದರು.

ಆದರೂ ಗೆಲುವು ತಕ್ಷಣ ಬರಲಿಲ್ಲ. ಕೊಳಗಳು ತೆರೆದ ಮೇಲೆ ನಡೆದ ಮೊದಲ ರಾಷ್ಟ್ರೀಯ ಕೂಟದಲ್ಲಿ ಅವಳು ಆರನೆಯವಳಾದಳು. ಹದಿನೈದು ವರ್ಷದ ಹುಡುಗಿಯರು ಅವಳನ್ನು ಹಿಂದಿಕ್ಕಿದರು. ತಂಡದಿಂದ ಹೆಸರು ಬಿಟ್ಟುಹೋಯಿತು. ಹೊಳೆಯಲ್ಲಿ ಗೋಡೆಯಿಲ್ಲ, ಕೊಳದಲ್ಲಿ ಪ್ರತಿ ತುದಿಗೂ ತಿರುಗಬೇಕು. ಆ ತಿರುವುಗಳನ್ನು ಕುಮಾರಸ್ವಾಮಿ ಮತ್ತೆ ಮೊದಲಿನಿಂದ ಕಟ್ಟಿಸಿದರು. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಗೋಡೆ ತಳ್ಳಿದ ಮೇಲೆ ನೀರಿನಡಿಯಲ್ಲೇ ಒಂದು ಸಲ ತೊಡೆಯವರೆಗೂ ಕೈ ಎಳೆದು, ಒಂದು ಒದೆತ ಒದ್ದು ಮೇಲೆ ಬರಲು ಅವಕಾಶವಿದೆ. ಬಾವಿಯಲ್ಲಿ ಮುಳುಗಿ ಬೆಳೆದವಳಿಗೆ ಅಲ್ಲಿ ಅವಸರವಿರಲಿಲ್ಲ. ಬೇರೆಯವರು ಉಸಿರಿಗೆ ಮೇಲೆ ಬಂದಾಗ ಅವಳಿನ್ನೂ ಕೆಳಗೆ ನೇರವಾಗಿ ಜಾರುತ್ತಿರುತ್ತಿದ್ದಳು. ಅವಳ ಬಲತೊಡೆ ಸಣ್ಣಗಾಯಿತು, ಭುಜ ಅಗಲವಾಯಿತು. ಚಿಕ್ಕಮ್ಮ ಮಾದೇವಮ್ಮ ಪ್ರತಿ ಸಲ ರವಿಕೆಯ ಹೊಲಿಗೆ ಬಿಚ್ಚಬೇಕಾಗುತ್ತಿತ್ತು.

ಮುಂದಿನ ವರ್ಷ ಎರಡನೆಯವಳು, ಅದರಾಚೆಯ ವರ್ಷ ಮೊದಲನೆಯವಳು. ಎರಡು ಸಾವಿರದ ಇಪ್ಪತ್ತಮೂರರಲ್ಲಿ ಮತ್ತೆ ದೇಶದ ತಂಡದ ಜೊತೆ ಕ್ವಾಲಾಲಂಪುರಕ್ಕೆ ಹೊರಟಳು. ನಾನಾಗ ಹನೂರಿನ ಹೈಸ್ಕೂಲಿನಲ್ಲಿ ಮೇಡಮ್ಮಾಗಿದ್ದೆ. ರಜೆ ಹಾಕಿ ಅವಳ ಹಿಂದೆಯೇ ಹೋದೆ. ನಾನು ವಿಮಾನ ಹತ್ತಿದ್ದು ಅದೇ ಮೊದಲು.

ಇನ್ನೂರು ಮೀಟರಿನ ಫೈನಲ್. ನಾಲ್ಕು ಉದ್ದ. ಎಂಟು ಜನರಲ್ಲಿ ಅವಳದು ಅಂಚಿನ ಸಾಲು. ನಾನು ಕುಳಿತಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಹಾರಿದರು. ಮೊದಲ ತಿರುವಿಗೆ ಅವಳ ಹಿಂದೆ ಒಬ್ಬಳೇ ಇದ್ದಳು. ನಡುವಿನ ಸಾಲುಗಳ ಹುಡುಗಿಯರ ಒದೆತಕ್ಕೆ ನೀರು ಬಿಂದಿಗೆಯ ಹಾಗೆ ಉಬ್ಬುತ್ತಿತ್ತು, ಅವಳ ಹಿಂದೆ ಒಂದು ಸಣ್ಣ ಗೆರೆ ಮಾತ್ರ. ಪಕ್ಕದಲ್ಲಿ ಕುಳಿತ ಯಾವ ದೇಶದವರೋ ತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ನನ್ನ ಕಣ್ಣು ಅವಳ ಮೇಲಲ್ಲ, ಅಂಚಿನಲ್ಲಿ ನಡೆಯುತ್ತಿದ್ದ ಬಿಳಿ ಬಟ್ಟೆಯ ತೀರ್ಪುಗಾರ್ತಿಯ ಮೇಲಿತ್ತು. ಆಕೆ ಬಾಗಿ ನೀರಿನೊಳಗೆ ನೋಡುತ್ತಾ ನಾಗಶ್ರೀಯ ಜೊತೆಗೇ ಹೆಜ್ಜೆ ಹಾಕುತ್ತಿದ್ದರು.

ಮೂರನೆಯ ತಿರುವಿನಲ್ಲಿ ಎಲ್ಲರೂ ನೀರಿನಡಿಯಿಂದ ಮೇಲೆ ಬಂದರು, ಅವಳು ಬರಲಿಲ್ಲ. ಮೇಲೆ ಬಂದಾಗ ಅವಳ ಮುಂದೆ ಇಬ್ಬರು ಮಾತ್ರ ಇದ್ದರು. ಕೊನೆಯ ಉದ್ದ. ಅಲ್ಲಿಯತನಕ ದೊಡ್ಡದಾಗಿ ಒದ್ದವರ ಕಾಲು ಸೋಲುತ್ತಾ ಬಂದದ್ದು ನನಗೂ ತಿಳಿಯುತ್ತಿತ್ತು. ಅವಳ ತಲೆ ಏಳುವ, ಇಳಿಯುವ ಲಯ ಮೊದಲ ಉದ್ದದಲ್ಲಿ ಹೇಗಿತ್ತೋ ಹಾಗೆಯೇ ಇತ್ತು. ಚೀನಾದವಳು ಮುಟ್ಟಿದಳು, ಜಪಾನಿನವಳು ಮುಟ್ಟಿದಳು, ನಾಗಶ್ರೀ ಮುಟ್ಟಿದಳು.

ಬೋರ್ಡಿನಲ್ಲಿ ಹೆಸರುಗಳು ಬಂದವು. ಅವಳು ನೀರಿನಲ್ಲೇ ಹಗ್ಗ ಹಿಡಿದು ನಿಂತು ಬೋರ್ಡನ್ನೇ ನೋಡುತ್ತಿದ್ದಳು. ಬೇರೆಯವರು ಒಬ್ಬೊಬ್ಬರಾಗಿ ಹತ್ತಿ ಹೋದರು. ತೀರ್ಪುಗಾರ್ತಿ ಇನ್ನೊಬ್ಬರ ಹತ್ತಿರ ಏನೋ ಮಾತಾಡಿದರು. ತಪ್ಪು ಕಂಡರೆ ಎತ್ತುವ ಕೈಯನ್ನು ಆಕೆ ಎತ್ತಲಿಲ್ಲ. ಕುರ್ಚಿಯಲ್ಲಿ ಹೋಗಿ ಕುಳಿತು ನೀರಿನ ಬಾಟಲಿ ತೆರೆದರು. ಮುಂದಿನ ಸ್ಪರ್ಧೆಯ ಹೆಸರುಗಳು ಬರುವತನಕವೂ ಅವಳ ಹೆಸರು ಮೂರನೆಯ ಸಾಲಿನಲ್ಲೇ ಇತ್ತು. ಆಗ ಅವಳು ನೀರಿಗೆ ಮುಖ ಹಾಕಿ ಒಂದು ಸಲ ಪೂರ್ತಿ ಮುಳುಗಿ ಎದ್ದಳು.

ಪದಕ ಕೊಟ್ಟಾದ ಮೇಲೆ ಜಪಾನಿನ ತಂಡದ ವಯಸ್ಸಾದ ತರಬೇತುದಾರರೊಬ್ಬರು ಕುಮಾರಸ್ವಾಮಿಯವರನ್ನು ಹುಡುಕಿಕೊಂಡು ಬಂದರು. ಈ ಚಿಕ್ಕ ಒದೆತ ಯಾವ ಪದ್ಧತಿಯದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕುಮಾರಸ್ವಾಮಿ ಅವಳನ್ನೇ ತೋರಿಸಿದರು. ಅವಳು ಬೆಂಚಿನ ಮೇಲೆ ಕುಳಿತು ಎಡಗಾಲನ್ನು ಚಾಚಿದಳು. ಆ ಹಿರಿಯರು ನೆಲಕ್ಕೆ ಮಂಡಿಯೂರಿ, ಅವಳ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ಅದು ಒಂದಷ್ಟು ಹೋಗಿ ನಿಂತಿತು. ಬಲಪಾದವನ್ನು ತಿರುಗಿಸಿದರು. ಅದು ಸರಾಗವಾಗಿ ಹೋಯಿತು. ಮತ್ತೆ ಎಡಪಾದವನ್ನು ಹಿಡಿದರು. ತಲೆಯೆತ್ತಿ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ತಮ್ಮ ಹುಡುಗಿಯರನ್ನು ಕರೆದು, ಸಾಲಾಗಿ ನಿಲ್ಲಿಸಿ, ಆ ಪಾದವನ್ನು ಅವರಿಗೂ ತೋರಿಸಿದರು. ಅವಳಿಗಿಂತ ಮುಂದೆ ಬಂದಿದ್ದ ಹುಡುಗಿ ಬಗ್ಗಿ ಅವಳ ಹರಡನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನಾಗಶ್ರೀ ನಾಚಿಕೊಂಡು ನನ್ನ ಕಡೆ ನೋಡಿದಳು.

ಹೋಟೆಲಿಗೆ ಬಂದು ಊರಿಗೆ ವಿಡಿಯೋ ಕರೆ ಮಾಡಿದೆವು. ತಾತ ಆಗ ಇರಲಿಲ್ಲ, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಚಿಕ್ಕಪ್ಪನ ಫೋನಿನಲ್ಲಿ ಎಲ್ಲರೂ ಸ್ಪರ್ಧೆ ನೋಡಲು ಕುಳಿತಿದ್ದರಂತೆ. ಅವಳು ಹಾರಿದ ಕೂಡಲೇ ಚಿತ್ರ ನಿಂತುಹೋಗಿ, ಮತ್ತೆ ಬಂದಾಗ ಎಲ್ಲ ಮುಗಿದಿತ್ತಂತೆ. ಅಜ್ಜಿಯ ಮುಖ ಫೋನಿನ ತುಂಬ ಬಂತು.

"ಕಾಲ್ಗೆ ಏನಂದ್ರು ಕೂಸೆ?"

"ಏನೂ ಅನ್ನಿಲ್ಲ ಅಜ್ಜಿ."

"ಏನೂ ಅನ್ನಿಲ್ವಾ?"

"ಇಲ್ಲ ಕಣಜ್ಜಿ."

ಅಜ್ಜಿ ಫೋನನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಎದ್ದು ಹೋದಳು. ಆ ಹೊತ್ತಿನಲ್ಲಿ ಅವಳು ಒಬ್ಬಳೇ ಹಿತ್ತಿಲಿನಲ್ಲಿ ನಿಂತಿದ್ದಳೆಂದು ಚಿಕ್ಕಮ್ಮ ಆಮೇಲೆ ಹೇಳಿದಳು.

ನಾಗಶ್ರೀ ಈಗಲೂ ಈಜುತ್ತಿದ್ದಾಳೆ. ಮೈಸೂರಿನಲ್ಲಿ ರೈಲ್ವೆ ಕೆಲಸ, ಬೆಳಿಗ್ಗೆ ಸಂಜೆ ಅಭ್ಯಾಸ. ಆಮೇಲೆ ಇನ್ನೆರಡು ಸಲ ದೇಶದ ಪರವಾಗಿ ಹೋಗಿ ಬಂದಳು, ಒಂದರಲ್ಲಿ ನಾಲ್ಕನೆಯವಳು, ಇನ್ನೊಂದರಲ್ಲಿ ಫೈನಲ್ ತಲುಪಲಿಲ್ಲ. ಮುಂದಿನ ಆಯ್ಕೆಯಲ್ಲಿ ತನ್ನನ್ನು ದಾಟಬಲ್ಲ ಇಬ್ಬರು ಹುಡುಗಿಯರ ಹೆಸರನ್ನು ಅವಳೇ ನನಗೆ ಹೇಳಿದಳು. ಒಬ್ಬಳು ತುಂಬಾ ಚೆನ್ನಾಗಿ ಈಜುತ್ತಾಳಂತೆ, ನೋಡಲು ಬಾ ಎಂದು ಕರೆದಳು.

ಕಳೆದ ತಿಂಗಳು ಹೋಗಿದ್ದೆ. ಅವಳು ತೋರಿಸಿದ ಹುಡುಗಿಯನ್ನು ಸ್ವಲ್ಪ ಹೊತ್ತು ನೋಡಿದೆ, ನಿಜಕ್ಕೂ ವೇಗವಾಗಿದ್ದಳು. ಆದರೆ ಪಕ್ಕದ ಸಾಲಿನಲ್ಲಿ ನಾಗಶ್ರೀ ಗೋಡೆ ತಳ್ಳಿ ನೀರಿನಡಿಗೆ ಹೋದಳು. ಕೈಯೆರಡೂ ಮುಂದಕ್ಕೆ ಚಾಚಿಕೊಂಡು, ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟೆಗಳನ್ನು ಒಂದೊಂದಾಗಿ ದಾಟುತ್ತಾ ಬಂದಳು. ನಾನು ಹನೂರಿಗೆ ಹೋಗುವ ಬಸ್ಸಿನ ಹೊತ್ತನ್ನು ಮರೆತು ನಿಂತಿದ್ದೆ. ಅವಳು ನನ್ನ ಕಾಲ ಬುಡದಲ್ಲೇ ಎದ್ದು, ಕನ್ನಡಕ ಹಣೆಗೇರಿಸಿ, "ಹಸಿವಾಯ್ತದ ಅಕ್ಕ, ಇರು, ಇನ್ನು ನಾಲ್ಕು ಸಲ ಹೋಗಿ ಬತ್ತೀನಿ," ಅಂದಳು.